ಮೊಪೆಡ್ಡಿಗೂ ಮೊದಲು ಬಸ್ಸು: ಮದುರೈಯ ಒಂದು ಕುಟುಂಬದ ಕಥೆ

ಪ್ರಶ್ನೆ: ಕೆಲಸದ ಮೇಲೆ ಮೈಸೂರಿನಿಂದ ನಂಜನಗೂಡಿಗೆ ದಿನವೂ ಓಡಾಡುತ್ತೇನೆ. ಕಡಕೊಳದ ಹತ್ತಿರ ಟಿವಿಎಸ್ ಬೈಕು ಕಾರ್ಖಾನೆ ಕಂಡಾಗಲೆಲ್ಲ ನಮ್ಮ ಸೋದರಮಾವನ ಮಾತು ನೆನಪಾಗುತ್ತದೆ. ಎಳೆಯ ವಯಸ್ಸಿನಲ್ಲಿ ಕೆಲವು ವರ್ಷ ಮದುರೈಯಲ್ಲಿ ಇದ್ದವರು ಅವರು. "ಇವರದು ಮೂಲದಲ್ಲಿ ಬಸ್ ಕಂಪನಿ. ಇವರ ಬಸ್ಸು ಬಂದದ್ದು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು" ಎನ್ನುತ್ತಾರೆ. ಇದು ನಿಜವೇ? ನಿಜವಾದರೆ ಆ ಬಸ್ಸುಗಳೆಲ್ಲ ಎಲ್ಲಿ ಹೋದವು? ನಮ್ಮ ಕಡೆಯೂ ಅಪ್ಪ-ಮಕ್ಕಳು ಕಟ್ಟಿದ ಬಸ್ ಕಂಪನಿಗಳು ಎಷ್ಟೋ ಇದ್ದವಲ್ಲ, ಅವು ಏಕೆ ಹೀಗೆ ಬೆಳೆಯಲಿಲ್ಲ?

ಉತ್ತರ: ನಿಮ್ಮ ಸೋದರಮಾವ ಹೇಳಿದ್ದು ನಿಜ. ಗಡಿಯಾರದ ಮಾತನ್ನು ಮದುರೈ ಸೀಮೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಅದರಲ್ಲಿ ಅಭಿಮಾನದ ಪಾಲು ಎಷ್ಟಿದ್ದರೂ ಇರಲಿ, ಒಂದು ಬಸ್ ಕಂಪನಿಯ ಬಗ್ಗೆ ಅಂಥ ಮಾತು ಹುಟ್ಟಿ ಉಳಿಯಿತು ಎನ್ನುವುದೇ ಸಣ್ಣ ಸಂಗತಿಯಲ್ಲ. ಸಾರಿಗೆ ಇಲಾಖೆಯಲ್ಲಿ ಮೂರು ದಶಕ ಪರ್ಮಿಟ್ ಕಡತಗಳ ನಡುವೆ ಕೂತವನು ನಾನು. ಹೊತ್ತಿಗೆ ಸರಿಯಾಗಿ ಬರುವ ಬಸ್ಸಿನ ಗುಟ್ಟು ಚಾಲಕನ ಕಾಲಿನಲ್ಲಿಲ್ಲ, ಹಿಂದಿನ ರಾತ್ರಿ ಶೆಡ್ಡಿನಲ್ಲಿ ನಡೆದ ಕೆಲಸದಲ್ಲಿದೆ ಎಂಬುದನ್ನು ಅಲ್ಲಿ ಕಲಿತೆ. ಟಿವಿಎಸ್ ಕಥೆ ಪೂರ್ತಿಯಾಗಿ ಆ ಶೆಡ್ಡಿನ ಕಥೆಯೇ.

ಟಿ.ವಿ.ಎಸ್. ಎಂಬುದು ಒಬ್ಬ ಮನುಷ್ಯನ ಹೆಸರಿನ ಮೊದಲಕ್ಷರಗಳು. ತಿರುನೆಲ್ವೇಲಿ ಜಿಲ್ಲೆಯ ತಿರುಕ್ಕುರುಂಗುಡಿಯಲ್ಲಿ 1877ರಲ್ಲಿ ಹುಟ್ಟಿದ ಟಿ.ವಿ. ಸುಂದರಂ ಅಯ್ಯಂಗಾರ್ಯರು ತಂದೆಯ ಇಷ್ಟದಂತೆ ಮೊದಲು ವಕೀಲಿ ಮಾಡಿದರು, ಆಮೇಲೆ ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ ನೌಕರಿ ಮಾಡಿದರು. ಮೂರೂ ಆ ಕಾಲಕ್ಕೆ ಮರ್ಯಾದೆಯ ಉದ್ಯೋಗಗಳು. ಅವನ್ನೆಲ್ಲ ಬಿಟ್ಟು 1911-12ರ ಹೊತ್ತಿಗೆ ಮದುರೈಯಲ್ಲಿ ಬಸ್ಸು ಓಡಿಸಲು ಹೊರಟಾಗ ನೆಂಟರಿಷ್ಟರು ಏನೆಂದಿರಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಮೋಟಾರು ಎಂದರೆ ಜಮೀನ್ದಾರರ ಶೋಕಿ ಎಂದಿದ್ದ ದಿನಗಳು. ಕಾಸು ಕೊಟ್ಟು ಹತ್ತುವ ಮೋಟಾರು ಎಂದರೆ ಜಟಕಾದವನ ಕಸುಬಿಗೆ ಸಮ.

ಆದರೆ ಅವರು ಜಾಗವನ್ನು ಸರಿಯಾಗಿ ಆರಿಸಿಕೊಂಡಿದ್ದರು. ನಕ್ಷೆ ತೆಗೆದು ಮದುರೈ, ಪುದುಕೋಟೆ, ತಂಜಾವೂರುಗಳ ನಡುವಿನ ಸೀಮೆಯನ್ನು ನೋಡಿ. ಅದರೊಳಗೆ ಚೆಟ್ಟಿನಾಡು ಇದೆ. ಬರ್ಮಾ, ಮಲಯ, ಸಿಂಹಳಗಳಲ್ಲಿ ಲೇವಾದೇವಿ ಮಾಡಿ ಗಳಿಸಿದ ನಾಟ್ಟುಕೋಟ್ಟೈ ಚೆಟ್ಟಿಯಾರರು ಸಣ್ಣ ಸಣ್ಣ ಊರುಗಳಲ್ಲಿ ಅರಮನೆಯಂಥ ಮನೆಗಳನ್ನು ಕಟ್ಟಿಸಿಕೊಂಡಿದ್ದರು. ಬರ್ಮಾ ತೇಗ ಅಲ್ಲಿಗೆ ಬಂದಿತ್ತು, ಇಟಲಿಯ ಅಮೃತಶಿಲೆ ಬಂದಿತ್ತು, ರೈಲು ಮಾತ್ರ ಬಂದಿರಲಿಲ್ಲ. ತಿರುಚ್ಚಿಯಿಂದ ಪುದುಕೋಟೆಗೆ ಹಳಿ ಬಂದದ್ದು 1929ರಲ್ಲಿ, ಅದು ಕಾರೈಕುಡಿಯನ್ನು ದಾಟಿ ಮಾನಾಮದುರೈ ಮುಟ್ಟಿದ್ದು 1930ರಲ್ಲಿ. ದುಡ್ಡೂ ತಿರುಗಾಟವೂ ಇದ್ದು ರೈಲು ಇಲ್ಲದ ಸೀಮೆ ಬಸ್ಸಿನವನಿಗೆ ನಿಧಿ ಸಿಕ್ಕಂತೆ. ಹೆಚ್ಚು ಕಡಿಮೆ ಎರಡು ದಶಕ ಆ ನಿಧಿ ಅವರ ಕೈಯಲ್ಲಿತ್ತು. 1923ರ ಹೊತ್ತಿಗೆ ಬಸ್ಸು, ಲಾರಿಗಳ ಒಂದು ಪಡೆಯೇ ತಯಾರಾಗಿ ಸದರ್ನ್ ರೋಡ್‌ವೇಸ್ ಎಂಬ ಹೆಸರಿನಲ್ಲಿ ಓಡತೊಡಗಿತ್ತು.

ಇನ್ನು ಶೆಡ್ಡಿನ ಒಳಗೆ ಹೋಗೋಣ. ಆ ಕಾಲದ ರಸ್ತೆ ಎತ್ತಿನ ಗಾಡಿಗೆಂದು ಮಾಡಿದ ಜಲ್ಲಿ ರಸ್ತೆ. ಗಾಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಪುಡಿ ಮಾಡುತ್ತಿತ್ತು, ಎತ್ತಿನ ಲಾಳದ ಮೊಳೆಗಳು ಕಳಚಿ ದಾರಿಯುದ್ದಕ್ಕೂ ಬೀಳುತ್ತಿದ್ದವು. ಗಾಳಿ ತುಂಬಿದ ಟೈರಿಗೆ ಆ ಮೊಳೆಯೇ ಯಮ. ಕಂಪನಿಯವರು ಬೆಳಗಿನ ಬಸ್ಸಿಗೂ ಮುಂಚೆ ಅಯಸ್ಕಾಂತ ಕಟ್ಟಿದ ಗಾಡಿಯೊಂದನ್ನು ಕಳಿಸಿ ಮೊಳೆ ಹೆಕ್ಕಿಸುತ್ತಿದ್ದರು ಎಂದು ಮದುರೈ ಕಡೆ ಒಂದು ಮಾತಿದೆ. ಗಡಿಯಾರದ ಮಾತಿನ ಜೊತೆಗೇ ಇದನ್ನೂ ಹೇಳುತ್ತಾರೆ. ನನಗೆ ಎರಡೂ ಒಂದೇ ಮಾತಾಗಿ ಕೇಳಿಸುತ್ತವೆ, ಏಕೆಂದರೆ ದಾರಿಯಲ್ಲಿ ಪಂಕ್ಚರ್ ಆದ ಬಸ್ಸನ್ನು ನೋಡಿ ಯಾರೂ ಗಡಿಯಾರಕ್ಕೆ ಕೈ ಹಾಕುವುದಿಲ್ಲ.

ಇಲ್ಲಿ ಬಸ್ ವ್ಯಾಪಾರದ ಒಂದು ಸೂಕ್ಷ್ಮವನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ರೈಲಿನ ಆದಾಯವನ್ನು ಬಸ್ಸುಗಳು ಕಿತ್ತುಕೊಳ್ಳುತ್ತಿವೆ ಎಂಬ ಕೂಗು ಎದ್ದು, ಮಿಚೆಲ್ ಮತ್ತು ಕಿರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ಅದನ್ನು ಪರಿಶೀಲಿಸಿ 1933ರಲ್ಲಿ ವರದಿ ಕೊಟ್ಟರು. ಮುಂದೆ 1939ರ ಮೋಟಾರು ವಾಹನ ಕಾಯ್ದೆ ಬಂತು. ಅಲ್ಲಿಂದಾಚೆಗೆ ಯಾವ ಮಾರ್ಗದಲ್ಲಿ ಯಾರು, ಎಷ್ಟು ಗಂಟೆಗೆ ಓಡಬೇಕು ಎಂಬುದನ್ನು ಸಾರಿಗೆ ಪ್ರಾಧಿಕಾರ ಹೇಳತೊಡಗಿತು. ಟಿಕೆಟ್ ದರ ಸರ್ಕಾರದ ಕೈಗೆ ಹೋಯಿತು. ಮಾಲೀಕನ ಕೈಯಲ್ಲಿ ಉಳಿದದ್ದು ಏನು? ಟೈರು, ಎಂಜಿನ್, ಪಟ್ಟಿ ಸ್ಪ್ರಿಂಗು, ಬ್ರೇಕು. ದರ ಏರಿಸಿ ಲಾಭ ಮಾಡುವಂತಿಲ್ಲ, ಮನಸ್ಸು ಬಂದಾಗ ಟ್ರಿಪ್ಪು ಹೆಚ್ಚಿಸುವಂತಿಲ್ಲ. ಒಂದು ಟೈರನ್ನು ಪಕ್ಕದ ಕಂಪನಿಯವನಿಗಿಂತ ಕೆಲವು ಸಾವಿರ ಮೈಲಿ ಹೆಚ್ಚು ಓಡಿಸಿದರೆ ಅದೇ ಲಾಭ. ಶೆಡ್ಡಿನಲ್ಲಿ ನಿಂತ ಬಸ್ಸು ಕಾಸು ತರುವುದಿಲ್ಲ. ತೆರಿಗೆ, ವಿಮೆ, ಚಾಲಕನ ಸಂಬಳಗಳು ಮಾತ್ರ ತಪ್ಪುವುದಿಲ್ಲ. ಹೀಗಾಗಿ ದೊಡ್ಡ ಬಸ್ ಕಂಪನಿಗಳ ನಡುವಿನ ನಿಜವಾದ ಪೈಪೋಟಿ ಬಸ್ ನಿಲ್ದಾಣದಲ್ಲಿ ಕಾಣುತ್ತಿರಲಿಲ್ಲ.

ಟಿವಿಎಸ್ ಈ ಪೈಪೋಟಿಗೆ ಹುಟ್ಟಿದಂತಿತ್ತು. ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ರೀಟ್ರೆಡಿಂಗ್ ಕೆಲಸವನ್ನು ತಾವೇ ಶುರು ಮಾಡಿದರು. ಬಿಡಿಭಾಗಗಳಿಗೆ ಮದ್ರಾಸ್ ಆಟೊ ಸರ್ವಿಸ್, ವಾಹನ ಮಾರಾಟಕ್ಕೆ ಸುಂದರಂ ಮೋಟಾರ್ಸ್ ಎಂಬ ಸಂಸ್ಥೆಗಳು ಬಂದವು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ವಾಹನಗಳನ್ನು ಮಾರುವ ದೊಡ್ಡ ಮಳಿಗೆ ಅದು. ತಮ್ಮ ಬಸ್ಸಿಗೆ ಬೇಕೆಂದು ಶುರುವಾದ ಕೆಲಸ ಊರವರ ಬಸ್ಸಿಗೂ ಆಯಿತು, ಊರವರ ಬಸ್ಸಿನಿಂದ ಬರುವ ಕಾಸು ತಮ್ಮ ಬಸ್ಸಿನ ಕಲೆಕ್ಷನ್ನಿಗೆ ಸಾಟಿಯಾಗಿ ನಿಂತಿತು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಶೆಡ್ಡಿನ ಈ ಬುದ್ಧಿ ಕಣ್ಣಿಗೆ ಕಾಣುವಂತಾಯಿತು. ಕಂಪನಿಯವರು ಟಿವಿಎಸ್ ಗ್ಯಾಸ್ ಪ್ಲಾಂಟ್ ಎಂಬ ಇದ್ದಿಲು ಗ್ಯಾಸಿನ ಯಂತ್ರವನ್ನು ತಾವೇ ರೂಪಿಸಿ ತಯಾರಿಸಿದರು. ಇಂದಿನವರಿಗೆ ಈ ಯಂತ್ರ ಏನೆಂದು ತಿಳಿದಿರಲಿಕ್ಕಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಉಕ್ಕಿನ ಡ್ರಮ್ಮು ಕಟ್ಟಿರುತ್ತಾರೆ. ಅದರಲ್ಲಿ ಇದ್ದಿಲು ತುಂಬಿ, ಬೆಂಕಿ ತಾಗಿಸಿ, ಕ್ಲೀನರ್ ಹುಡುಗ ಕೈಯಿಂದ ಗಾಳಿಚಕ್ರ ತಿರುಗಿಸುತ್ತಾನೆ. ಗಾಳಿ ಸಾಲದೆ ಅರೆಬರೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದನ್ನು ಸೋಸಿ, ತಣಿಸಿ, ಕೊಳವೆಯಲ್ಲಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲ್ ಇಲ್ಲದೆ ಗಾಡಿ ಓಡುತ್ತದೆ. ಓಡುತ್ತದೆ ಎಂದರೆ ಸಮತಟ್ಟಿನಲ್ಲಿ. ಶಕ್ತಿ ಕಡಿಮೆಯಾದ್ದರಿಂದ ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುವುದೂ ಇತ್ತು, ತಳ್ಳುವುದೂ ಇತ್ತು. ಸೋಸುವಿಕೆ ಚೆನ್ನಾಗಿಲ್ಲದಿದ್ದರೆ ಬೂದಿ ಎಂಜಿನ್ನಿನ ಒಳಗೆ ಹೋಗಿ ಸಿಲಿಂಡರನ್ನು ಉಜ್ಜಿಬಿಡುತ್ತಿತ್ತು. ಅಂದರೆ ಈ ಯಂತ್ರದ ಜೀವ ಇರುವುದು ಡ್ರಮ್ಮಿನಲ್ಲಲ್ಲ, ಸೋಸುವ ಜಾಲರಿಯಲ್ಲಿ.

ಚಿಕ್ಕಂದಿನಲ್ಲಿ ನಮ್ಮ ಅಜ್ಜನ ಊರಿನ ಬಸ್ ಶೆಡ್ಡಿನ ಹಿಂದೆ ಇಂಥದ್ದೊಂದು ಡ್ರಮ್ಮು ತುಕ್ಕು ಹಿಡಿದು ಮಲಗಿತ್ತು. ಯಾರ ತಯಾರಿಕೆಯೋ ತಿಳಿಯದು, ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. "ಇದನ್ನು ಕಟ್ಟಿಕೊಂಡು ಘಾಟಿ ಹತ್ತಿಸಿದವನು ನಾನು" ಎಂದು ಒಬ್ಬ ಮುದುಕ ಚಾಲಕರು ಅದರ ಮೇಲೆ ಕೈಯಿಟ್ಟು ಹೇಳುತ್ತಿದ್ದರು. ನಾವು ಹುಡುಗರು ನಂಬುತ್ತಿರಲಿಲ್ಲ.

ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ಮೇಲೆ ಕಥೆಗೆ ಇನ್ನೊಂದು ತಿರುವು. ಭಾರತದಲ್ಲಿ ಬರೀ ಜೋಡಣೆ ಮಾಡುವ ವಿದೇಶಿ ಕಂಪನಿಗಳು ಬೇಡ, ಇಲ್ಲೇ ತಯಾರಿಸುವವರು ಇರಲಿ ಎಂದು 1953ರಲ್ಲಿ ಸರ್ಕಾರ ತೀರ್ಮಾನಿಸಿತು. ಜನರಲ್ ಮೋಟಾರ್ಸ್ 1954ರಲ್ಲಿ ಮುಂಬೈಯ ಜೋಡಣೆ ಘಟಕವನ್ನು ಮುಚ್ಚಿ ನಡೆಯಿತು. ಮಾರಲು ಗಾಡಿ ಕೊಡುತ್ತಿದ್ದವನೇ ಹೊರಟುಹೋದರೆ ಮಾರಾಟಗಾರ ಏನು ಮಾಡಬೇಕು? ಸುಂದರಂ ಅಯ್ಯಂಗಾರ್ಯರು 1955ರಲ್ಲಿ ತೀರಿಕೊಂಡರು. ಮುಂದಿನ ದಾರಿ ಹುಡುಕುವ ಹೊಣೆ ಮಕ್ಕಳ ಹೆಗಲಿಗೆ ಬಂತು. ರಾಜಂ, ಸಂತಾನಂ, ಶ್ರೀನಿವಾಸನ್, ಕೃಷ್ಣ ಎಂಬ ನಾಲ್ವರು ಗಂಡುಮಕ್ಕಳ ಶಾಖೆಗಳ ಹೆಸರು ಆ ಮನೆತನದ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತವೆ.

ಟಿ.ಎಸ್. ಸಂತಾನಂ 1954ರಲ್ಲೇ ಸುಂದರಂ ಫೈನಾನ್ಸ್ ಶುರು ಮಾಡಿದ್ದರು. ಲಾರಿ, ಬಸ್ಸು ಕೊಳ್ಳುವವರಿಗೆ ಕಂತಿನ ಸಾಲ ಕೊಡುವ ಸಂಸ್ಥೆ. ಬಸ್ಸಿನ ಕಲೆಕ್ಷನ್ ದಿನಕ್ಕೆ ಎಷ್ಟು, ಡೀಸೆಲ್ ಎಷ್ಟು ತಿನ್ನುತ್ತದೆ, ಮಳೆಗಾಲದಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ತಾವೇ ಓಡಿಸಿ ಬಲ್ಲ ಮನೆಯವರು ಸಾಲ ಕೊಡಲು ಕೂತರೆ, ಎದುರು ಕೂತ ಲಾರಿಯವನು ಹೇಳುವ ಲೆಕ್ಕದಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂಬುದು ಅವರಿಗೆ ಗೊತ್ತಾಗದೆ ಇರುತ್ತದೆಯೇ? ಬ್ಯಾಂಕಿನ ಅಧಿಕಾರಿಗೆ ಆ ಕಣ್ಣು ಇರುವುದಿಲ್ಲ.

ಆಮೇಲೆ ಕಾರ್ಖಾನೆಗಳು. 1960ರಲ್ಲಿ ವೀಲ್ಸ್ ಇಂಡಿಯಾ, 1961ರಲ್ಲಿ ಲ್ಯೂಕಾಸ್-ಟಿವಿಎಸ್, 1962ರಲ್ಲಿ ಬ್ರೇಕ್ಸ್ ಇಂಡಿಯಾ ಮತ್ತು ಸುಂದರಂ-ಕ್ಲೇಟನ್. ಇಂಗ್ಲೆಂಡಿನ ಕಂಪನಿಗಳ ಜೊತೆಗೂಡಿ ಮದ್ರಾಸಿನ ಪಾಡಿ ಎಂಬಲ್ಲಿ ಇವೆಲ್ಲ ಅಕ್ಕಪಕ್ಕದಲ್ಲೇ ಎದ್ದವು. ಪಟ್ಟಿಯನ್ನು ಇನ್ನೊಮ್ಮೆ ನೋಡಿ: ಚಕ್ರ, ಡೈನಮೊ ಮತ್ತು ಸ್ಟಾರ್ಟರು, ಬ್ರೇಕು, ಗಾಳಿಯ ಬ್ರೇಕು. ಬಸ್ಸನ್ನು ಬಿಚ್ಚಿ ನೆಲದ ಮೇಲೆ ಹರಡಿದಂತಿದೆ. ಯಾವ ಭಾಗ ಎಷ್ಟು ದಿನ ಬಾಳುತ್ತದೆ, ಯಾವುದು ದಾರಿಯಲ್ಲಿ ಕೈಕೊಡುತ್ತದೆ, ಯಾವುದಕ್ಕೆ ಗಿರಾಕಿ ತಪ್ಪುವುದಿಲ್ಲ ಎಂಬ ನಲವತ್ತೈವತ್ತು ವರ್ಷಗಳ ಅನುಭವ ಹಿಂದಿಲ್ಲದೆ ಈ ಪಟ್ಟಿ ಹೀಗೆ ಬರುವುದಿಲ್ಲ ಎಂಬುದು ನನ್ನ ಎಣಿಕೆ.

ಒಂದು ಮಾತು ಪಕ್ಕಕ್ಕೆ. ಕಂಪನಿಯ ಹೆಸರು 'ಟಿ.ವಿ. ಸುಂದರಂ ಅಯ್ಯಂಗಾರ್ ಆ್ಯಂಡ್ ಸನ್ಸ್'. ಫಲಕದಲ್ಲಿ ಜಾಗವಿಲ್ಲದ ಒಬ್ಬ ಮಗಳು ಆ ಮನೆಯಲ್ಲಿದ್ದರು, ಸೌಂದರಂ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು, ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯಕೀಯ ಓದಿ, ಗಾಂಧೀಜಿಯ ಆಶೀರ್ವಾದದೊಂದಿಗೆ ಜಿ. ರಾಮಚಂದ್ರನ್ ಅವರನ್ನು ಮರುಮದುವೆಯಾದರು. ಆ ದಂಪತಿ 1947ರಲ್ಲಿ ದಿಂಡಿಗಲ್ ಬಳಿ ಕಟ್ಟಿದ ಗಾಂಧಿಗ್ರಾಮ ಮುಂದೆ ವಿಶ್ವವಿದ್ಯಾಲಯವಾಯಿತು. ಬಸ್ಸಿನ ಕಥೆಗೆ ಇದು ಬೇಕಿಲ್ಲ. ಆದರೆ ಆ ಮನೆಯ ಬಗ್ಗೆ ಬರೆದು ಸೌಂದರಂ ಹೆಸರು ಬಿಟ್ಟರೆ ನನಗೆ ನಿದ್ದೆ ಬಾರದು.

ಈಗ ನಿಮ್ಮ ಎರಡನೆಯ ಪ್ರಶ್ನೆ, ಬಸ್ಸುಗಳು ಎಲ್ಲಿ ಹೋದವು. ಸರ್ಕಾರ ತೆಗೆದುಕೊಂಡಿತು. ಡಿಎಂಕೆ ಸರ್ಕಾರ 1971ರಲ್ಲಿ ದೊಡ್ಡ ಬಸ್ ಕಂಪನಿಗಳನ್ನೇ ಗುರಿಯಾಗಿಟ್ಟುಕೊಂಡು ಒಂದು ಸ್ವಾಧೀನ ಕಾಯ್ದೆ ಮಾಡಿತು. ಕಾಯ್ದೆಯ ಹೆಸರಿನಲ್ಲೇ 'ಫ್ಲೀಟ್ ಆಪರೇಟರ್ಸ್', ಅಂದರೆ ಬಸ್ಸುಗಳ ಪಡೆಯನ್ನೇ ಓಡಿಸುವವರು, ಎಂಬ ಮಾತಿದೆ. ಒಂದೆರಡು ಬಸ್ಸು ಇಟ್ಟುಕೊಂಡವರ ತಂಟೆಗೆ ಅದು ಹೋಗಲಿಲ್ಲ, ಅವರ ಸಂತತಿ ತಮಿಳುನಾಡಿನ ಊರುಗಳಲ್ಲಿ ಇಂದಿಗೂ ಬಸ್ಸು ಓಡಿಸುತ್ತಿದೆ. ದೊಡ್ಡದಾಗಿ ಬೆಳೆದದ್ದೇ ಟಿವಿಎಸ್‌ಗೆ ಮುಳುವಾಯಿತು. 1972ರಲ್ಲಿ ಮದುರೈಯಲ್ಲಿ ಪಾಂಡಿಯನ್ ಸಾರಿಗೆ ನಿಗಮ ಹುಟ್ಟಿ ಟಿವಿಎಸ್ ಬಸ್ಸುಗಳು ಅದರ ಬಣ್ಣ ಬಳಿದುಕೊಂಡವು. ಆ ನಿಗಮ ಕೂಡ ಈಗ ಆ ಹೆಸರಿನಲ್ಲಿಲ್ಲ, ತಮಿಳುನಾಡು ರಾಜ್ಯ ಸಾರಿಗೆ ನಿಗಮದ ಮದುರೈ ವಿಭಾಗವಾಗಿದೆ.

ಪೊಳ್ಳಾಚಿಯಲ್ಲೂ ಇಂಥದ್ದೇ ನಡೆಯಿತು. ಅಲ್ಲಿ ಪಿ. ನಾಚಿಮುತ್ತು ಗೌಂಡರ್ 1931ರಲ್ಲಿ ಕಟ್ಟಿದ ಆನಮಲೈ ಬಸ್ ಟ್ರಾನ್ಸ್‌ಪೋರ್ಟ್ ಇತ್ತು, ಎಬಿಟಿ ಎಂದೇ ಹೆಸರು. ಅದರ ಬಸ್ಸುಗಳು ಕೊಯಮತ್ತೂರಿನ ಚೇರನ್ ನಿಗಮಕ್ಕೆ ಹೋದವು. ಆದರೆ ಮಗ ಎನ್. ಮಹಾಲಿಂಗಂ ಅಷ್ಟರೊಳಗೆ ಸಕ್ಕರೆ ಕಾರ್ಖಾನೆ, ಲೇವಾದೇವಿ ಎಂದು ಕವಲೊಡೆದಿದ್ದರು. ಬಸ್ಸು ಹೋದರೂ ಮನೆ ನಿಂತಿತು. ಕುಂಭಕೋಣದ ರಾಮನ್ ಆ್ಯಂಡ್ ರಾಮನ್ ಕಂಪನಿಯನ್ನು ನಮ್ಮಂಥವರು ಬಲ್ಲದ್ದು ಬೇರೆ ಕಾರಣಕ್ಕೆ. ಪರ್ಮಿಟ್ ಜಗಳವನ್ನು ಐವತ್ತರ ದಶಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಒಯ್ದು, ಕಾನೂನು ವಿದ್ಯಾರ್ಥಿಗಳು ಓದಲೇಬೇಕಾದ ತೀರ್ಪುಗಳಲ್ಲಿ ತನ್ನ ಹೆಸರು ಬಿಟ್ಟುಹೋದ ಕಂಪನಿ ಅದು.

ಕಡಕೊಳದ ಕಾರ್ಖಾನೆಗೂ ಇದಕ್ಕೂ ನಂಟು ಹೀಗೆ: ಸುಂದರಂ-ಕ್ಲೇಟನ್ ಸಂಸ್ಥೆಯ ಮೊಪೆಡ್ ವಿಭಾಗ 1980ರಲ್ಲಿ ಹೊಸೂರಿನಲ್ಲಿ ಇಬ್ಬರು ಕೂರಬಹುದಾದ ಟಿವಿಎಸ್ 50 ಹೊರತಂದಿತು. ಮುಂದೆ ಸುಜುಕಿ ಜೊತೆ ಸೇರಿ ಬೈಕು ಮಾಡಿ, 2001ರಲ್ಲಿ ಆ ಪಾಲುದಾರಿಕೆ ಮುಗಿದ ಮೇಲೆ ಸ್ವಂತ ಹೆಸರಿನಲ್ಲಿ ನಡೆಯುತ್ತಿರುವುದು ಟಿವಿಎಸ್ ಮೋಟಾರ್. ಅದನ್ನು ಬೆಳೆಸಿದ ವೇಣು ಶ್ರೀನಿವಾಸನ್ ಬಸ್ಸಿನ ಸುಂದರಂ ಅಯ್ಯಂಗಾರ್ಯರ ಮೊಮ್ಮಗ.

ಮೂರನೆಯ ಪ್ರಶ್ನೆ ನಮ್ಮ ಕಡೆಯದು, ಸ್ವಲ್ಪ ನೋವಿನದೂ ಹೌದು. ಹಳೆ ಮೈಸೂರು ಸೀಮೆಯ ಬಸ್ ಮನೆತನಗಳಿಗೆ ಸಮಯವೇ ಸಿಗಲಿಲ್ಲ. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. ಮೋಟಾರು ವಾಹನ ಕಾಯ್ದೆಗೆ 1956ರ ತಿದ್ದುಪಡಿ ಬಂದ ಮೇಲೆ ಮಾರ್ಗ ಮಾರ್ಗವಾಗಿ ರಾಷ್ಟ್ರೀಕರಣದ ಯೋಜನೆಗಳು ಹೊರಟವು. ಆನೇಕಲ್ ಕಡೆಯ ಖಾಸಗಿ ಬಸ್ಸಿನವರು ಅದನ್ನು ಪ್ರಶ್ನಿಸಿದ ಪ್ರಕರಣ 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು, ಎಚ್.ಸಿ. ನಾರಾಯಣಪ್ಪ ಪ್ರಕರಣ ಎಂದು ಅದಕ್ಕೆ ಹೆಸರು. 1961ರಲ್ಲಿ ಇಲಾಖೆ ನಿಗಮವಾಯಿತು. 1976ರಲ್ಲಿ ದೇವರಾಜ ಅರಸರ ಸರ್ಕಾರ ಕಾಂಟ್ರ್ಯಾಕ್ಟ್ ಕ್ಯಾರೇಜ್ ಬಸ್ಸುಗಳನ್ನೂ (ಇಡೀ ಬಸ್ಸನ್ನು ಒಪ್ಪಂದದ ಮೇಲೆ ಬಾಡಿಗೆಗೆ ಕೊಡುವಂಥವು) ಕಾಯ್ದೆ ಮಾಡಿ ವಶಪಡಿಸಿಕೊಂಡಿತು, ಮರುವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮದುರೈಯ ಮನೆತನಕ್ಕೆ ಬಸ್ಸಿನೊಂದಿಗೆ ಅರವತ್ತು ವರ್ಷ ಸಿಕ್ಕಿತು. ಮೈಸೂರಿನವರಲ್ಲಿ ಎಷ್ಟೋ ಮಂದಿಗೆ ಅದರ ಅರ್ಧವೂ ಸಿಗಲಿಲ್ಲ.

ಕರಾವಳಿ, ಮಲೆನಾಡುಗಳಲ್ಲಿ ಸಮಯ ಸಿಕ್ಕಿತು. ಮಂಗಳೂರಿನಲ್ಲಿ ವಿ.ಎಸ್. ಕುಡ್ವರು ಕೆನರಾ ವರ್ಕ್‌ಶಾಪ್ಸ್ ಕಟ್ಟಿ ವಾಹನಗಳ ಪಟ್ಟಿ ಸ್ಪ್ರಿಂಗ್ ತಯಾರಿಸಿದ್ದನ್ನು ನೋಡಿದರೆ ಶೆಡ್ಡಿನಿಂದ ಕಾರ್ಖಾನೆಗೆ ಹೋಗುವ ದಾರಿ ನಮ್ಮವರಿಗೆ ಕಾಣದೆ ಇರಲಿಲ್ಲ ಎಂದು ತಿಳಿಯುತ್ತದೆ. ಆದರೆ ಹಲವು ಮನೆಗಳಲ್ಲಿ ನಾನು ಕಡತಗಳ ಮೂಲಕ ಕಂಡದ್ದು ಬೇರೆ. ಯಜಮಾನರು ತೀರಿಕೊಂಡ ಕೂಡಲೆ ಪರ್ಮಿಟ್ ವರ್ಗಾವಣೆಯ ಅರ್ಜಿಗಳು ಬರುತ್ತಿದ್ದವು. ಎಂಟು ಬಸ್ಸಿನ ಕಂಪನಿ, ನಾಲ್ಕು ಜನ ಮಕ್ಕಳು, ತಲೆಗೆ ಎರಡು ಬಸ್ಸು. ಎಂಟು ಬಸ್ಸಿಗೆ ಒಬ್ಬ ಒಳ್ಳೆಯ ಮೆಕ್ಯಾನಿಕ್, ಒಂದು ಹೆಚ್ಚುವರಿ ಬಸ್ಸು ಸಾಕುವ ತ್ರಾಣ ಇರುತ್ತದೆ. ಎರಡು ಬಸ್ಸಿನವನಿಗೆ ಅದಿಲ್ಲ. ಅಣ್ಣತಮ್ಮಂದಿರು ಐದು ನಿಮಿಷದ ಟೈಮಿಂಗಿಗಾಗಿ ಒಬ್ಬರ ಮೇಲೊಬ್ಬರು ಪ್ರಾಧಿಕಾರದ ಮುಂದೆ ತಕರಾರು ಹಾಕಿದ್ದನ್ನೂ ನೋಡಿದ್ದೇನೆ. ಒಂದು ವಿಚಾರಣೆಯ ದಿನ ಇಬ್ಬರೂ ತಾಯಿಯ ವೈದಿಕ ಮುಗಿಸಿ ನೇರವಾಗಿ ಕಚೇರಿಗೆ ಬಂದಿದ್ದರು, ತಲೆಗೂದಲು ಇನ್ನೂ ಬಂದಿರಲಿಲ್ಲ.

ಟಿವಿಎಸ್ ಮನೆಯವರು ಕೆಲಸ ಹಂಚಿಕೊಂಡರು, ಆಸ್ತಿಯನ್ನು ಬಹುಕಾಲ ಹಂಚಿಕೊಳ್ಳಲಿಲ್ಲ. ಒಂದೊಂದು ಶಾಖೆ ಒಂದೊಂದು ಕಂಪನಿ ನಡೆಸಿದರೂ ಮೇಲಿನ ಮಾಲೀಕತ್ವ ಒಟ್ಟಿಗೇ ಇತ್ತು. ಅದನ್ನು ಕ್ರಮವಾಗಿ ಬಿಡಿಸಿಕೊಂಡದ್ದು 2020ರಿಂದ 2022ರ ನಡುವೆ. ಬಸ್ಸು ಹೋಗಿ ಅರ್ಧ ಶತಮಾನ ಕಳೆದ ಮೇಲೆ.

ಕೊನೆಯದಾಗಿ, ನಮ್ಮಲ್ಲಿ ಇದೇ ದಾರಿಯನ್ನು ಹಿಂದುಮುಂದಾಗಿ ನಡೆದ ಒಂದು ಉದಾಹರಣೆಯೂ ಇದೆ. ಗದಗಿನ ಪುಸ್ತಕ ಪ್ರಕಾಶಕರ ಮನೆಯಿಂದ ಬಂದ ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಶುರು ಮಾಡಿ, 1996ರಲ್ಲಿ ಬಸ್ಸಿಗೆ ಬಂದರು. ಅವರ ವಿಆರ್‌ಎಲ್ ಲಾಜಿಸ್ಟಿಕ್ಸ್ 2015ರಲ್ಲಿ ಷೇರುಪೇಟೆ ಪ್ರವೇಶಿಸಿತು. ಕೆಲವು ವರ್ಷಗಳ ಮೇಲೆ ಬಸ್ಸಿನ ವ್ಯವಹಾರವನ್ನು ಅದರಿಂದ ಬಿಡಿಸಿ ಮನೆತನದ್ದೇ ಇನ್ನೊಂದು ಕಂಪನಿಗೆ ಮಾರಲಾಯಿತು. ಸರಕಿನ ಲೆಕ್ಕ ಬೇರೆ, ಪ್ರಯಾಣಿಕರ ಲೆಕ್ಕ ಬೇರೆ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ನಿಮ್ಮ ಸೋದರಮಾವ ಮತ್ತೆ ಮದುರೈಗೆ ಹೋಗುವುದಾದರೆ ಟಿವಿಎಸ್ ನಗರ್ ಎಂಬ ಬಡಾವಣೆ ಅಲ್ಲಿದೆ, ಪಶ್ಚಿಮ ವೇಳಿ ಬೀದಿಯಲ್ಲಿ ಕಂಪನಿಯ ಹಳೆಯ ಕಚೇರಿ ಇದೆ. ಅವರು ಹತ್ತುತ್ತಿದ್ದ ಬಸ್ಸು ಯಾವ ಊರಿನದು ಎಂದು ಕೇಳಿ ನೋಡಿ. ಆ ಮಾರ್ಗದಲ್ಲಿ ಈಗಲೂ ಬಸ್ಸು ಓಡುತ್ತಿರುತ್ತದೆ, ಸರ್ಕಾರದ್ದು. ಗಡಿಯಾರವನ್ನು ಮಾತ್ರ ಹೊರಡುವ ಮೊದಲೇ ಸರಿಮಾಡಿಕೊಳ್ಳಲು ಹೇಳಿ.